ಕೆರೆಮೀನಿನ ಇಳಿದ ಬೆಲೆಯೂ ಸರ್ಕಾರದ ಸಹಾಯವೂ

(ಬೆಂಗಳೂರಿನ ಹೊರವಲಯದ ಕೆರೆಗಳಲ್ಲಿ ಮೀನು ಸಾಕಿ ಹಿಡಿಯುವವರ ಸಭೆಯಲ್ಲಿ ಮಾಡಿದ ಭಾಷಣ)



"ಮೀನು ನಮ್ಮ ಕೈಯಲ್ಲಿರುವಾಗ ಅದಕ್ಕೆ ಬೆಲೆಯಿಲ್ಲ, ಬೆಲೆಯಿರುವಾಗ ನಮ್ಮ ಕೈಯಲ್ಲಿ ಮೀನಿಲ್ಲ" ಎಂಬ ಮಾತು ತಮ್ಮೆಲ್ಲರ ಅನುಭವಕ್ಕೂ ಬಂದಿರುತ್ತದೆ. ಕೆರೆಯ ಗುತ್ತಿಗೆಯ ಹಣವನ್ನು ಹೊಂದಿಸಿ, ಬಿತ್ತನೆ ಮರಿಗಳನ್ನು ತಂದು ಬಿಟ್ಟು, ಹತ್ತು ಹನ್ನೆರಡು ತಿಂಗಳು ಹಗಲಿರುಳು ಕಾವಲಿದ್ದು, ಕಡೆಗೆ ಬಲೆಯೆಳೆದ ದಿನ ವ್ಯಾಪಾರಿಯು ಹೇಳಿದ ಬೆಲೆಗೆ ಒಪ್ಪಿ ಬರಿಗೈಯಲ್ಲಿ ಮನೆಗೆ ಹೋಗುವ ಸ್ಥಿತಿಯು ನಮ್ಮ ಸುತ್ತಮುತ್ತ ಹೊಸದಲ್ಲ. ಹೀಗೆ ಎರಡು ಮೂರು ವರ್ಷ ನಷ್ಟವಾದ ಸಂಘವು ಗುತ್ತಿಗೆಯ ಹಣವನ್ನು ಕಟ್ಟಲಾರದೆ ಹೋಗುತ್ತದೆ. ಮುಂದಿನ ಹರಾಜಿನಲ್ಲಿ ಕೆರೆಯು ಹಣವುಳ್ಳ ಹೊರಗಿನ ಗುತ್ತಿಗೆದಾರನ ಪಾಲಾಗುತ್ತದೆ. ತಲೆಮಾರುಗಳಿಂದ ಆ ನೀರನ್ನು ಬಲ್ಲ ಬೆಸ್ತರ ಮಕ್ಕಳು ಅದೇ ಕೆರೆಯಲ್ಲಿ ದಿನಗೂಲಿಗೆ ಬಲೆಯೆಳೆಯಬೇಕಾಗುತ್ತದೆ. ಆದಕಾರಣ ಬೆಲೆಯ ವಿಚಾರವು ಕೆರೆಯು ಯಾರ ಕೈಯಲ್ಲಿ ಉಳಿಯತಕ್ಕದ್ದು ಎಂಬ ವಿಚಾರವೂ ಆಗಿರುತ್ತದೆ.

ಇಂಥಾ ಸಮಯದಲ್ಲಿ ಸರ್ಕಾರದವರು ಸಹಾಯ ಮಾಡಬೇಕೆಂದು ನಾವು ಕೇಳುವುದು ನ್ಯಾಯವೇ. ಆದರೆ ಯಾವ ಸಹಾಯ, ಎಲ್ಲಿ ಸಲ್ಲಬೇಕು ಎಂಬುದನ್ನು ನಾವೇ ಮೊದಲು ಲೆಕ್ಕಹಾಕಿ ತಿಳಿದುಕೊಂಡಿರಬೇಕು. ಈ ದಿನ ನಾನು ಹೇಳಬೇಕೆಂದಿರುವುದು ಇದೊಂದೇ: ಮೀನನ್ನು ಹೆಚ್ಚಿಸುವುದಕ್ಕೆ ಕೊಡುವ ಸಹಾಯದಿಂದಲೇ ಬೆಲೆಯು ಏರುವುದಿಲ್ಲ, ಮೀನು ನೀರಿನಿಂದ ತಕ್ಕಡಿಗೆ ಬರುವ ಸ್ಥಳದಲ್ಲಿ ಸಹಾಯವು ಸಲ್ಲಬೇಕು.

1. ನಮ್ಮ ಸೀಮೆಯ ಸ್ಥಿತಿ

ಈ ಸಭೆಯಲ್ಲಿ ಪೂರ್ವದ ವೈಟ್‌ಫೀಲ್ಡ್ ಮತ್ತು ವರ್ತೂರಿನ ಕಡೆಯವರೂ, ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿ ಮತ್ತು ಆನೇಕಲ್ಲಿನ ಕಡೆಯವರೂ, ವಾಯವ್ಯದ ಪೀಣ್ಯ ಮತ್ತು ಹೆಸರಘಟ್ಟದ ಕಡೆಯವರೂ ಇದ್ದೀರಿ. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡಿರಲೆಂದು ಭೂಮಿಯನ್ನು ಕೊಟ್ಟು ನೆಲೆಗೊಳಿಸಿದ ಊರು. ಹೆಸರಘಟ್ಟದ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಹರಿದು ಬಂದಿತು. ಅಂದು ಹೊಲಗದ್ದೆಗಳಾಗಿದ್ದ ಈ ಪ್ರದೇಶಗಳಲ್ಲಿ ಇಂದು ಕಾರ್ಖಾನೆಗಳೂ, ಗಣಕಯಂತ್ರದ ಕೆಲಸದ ಕಂಪೆನಿಗಳೂ, ಬಹು ಅಂತಸ್ತಿನ ವಸತಿಗಳೂ ತುಂಬಿರುತ್ತವೆ. ಬಂಗಾಳ, ಒರಿಸ್ಸಾ, ಅಸ್ಸಾಂ, ಕೇರಳ, ಆಂಧ್ರ ಮುಂತಾದ ಕಡೆಗಳಿಂದ ಬಂದು ನೆಲೆಸಿರುವವರಲ್ಲಿ ಮೀನನ್ನು ನಿತ್ಯದ ಆಹಾರವಾಗಿ ಉಳ್ಳವರು ಬಹಳ ಮಂದಿ. ಕಾಟ್ಲಾ, ರೋಹು ಮೀನುಗಳ ರುಚಿಯನ್ನೂ ತಾಜಾತನವನ್ನೂ ನೋಡಿದ ಕೂಡಲೇ ಗುರುತಿಸತಕ್ಕವರು ಇವರು. ಹೀಗೆ ಕೊಳ್ಳುವವರು ಕೆರೆಯ ಏರಿಯ ಮಗ್ಗುಲಲ್ಲೇ ಇದ್ದರೂ ನಮ್ಮ ಮೀನಿಗೆ ಬೆಲೆಯಿಲ್ಲದಿರುವುದು ಹೇಗೆ?

ಇದಕ್ಕೆ ಒಂದು ಕಾರಣ ಎಲ್ಲರಿಗೂ ತಿಳಿದದ್ದೇ. ಆಂಧ್ರಪ್ರದೇಶದ ಕೊಲ್ಲೇರು ಸರೋವರದ ಸುತ್ತಣ ಕೃಷ್ಣಾ, ಗೋದಾವರಿ ಜಿಲ್ಲೆಗಳ ಕೊಳಗಳಲ್ಲಿ ಮೇವು ಹಾಕಿ ಬೆಳೆಸಿದ ರೋಹು, ಕಾಟ್ಲಾ ಮೀನುಗಳು ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಲಾರಿಗಳ ಮೇಲೆ ಬೆಂಗಳೂರಿಗೆ ಬರುತ್ತವೆ. ಮೇವಿಲ್ಲದೆ ಕೆರೆಯಲ್ಲಿ ಬೆಳೆಯುವ ನಮ್ಮ ಮೀನಿಗಿಂತ ಅಲ್ಲಿ ಎಕರೆಗೆ ಬರುವ ಇಳುವರಿಯು ಅನೇಕ ಪಾಲು ಹೆಚ್ಚು. ಆ ಮೀನು ವರ್ಷವಿಡೀ ಬರುತ್ತದೆ, ಒಂದೇ ಅಳತೆಯದಾಗಿರುತ್ತದೆ, ಇಷ್ಟು ಬೇಕೆಂದು ಹೇಳಿಕಳುಹಿಸಿದರೆ ಅಷ್ಟೇ ಬರುತ್ತದೆ. ಪೇಟೆಯ ಬೆಲೆಯನ್ನು ಗೊತ್ತುಮಾಡುವುದು ಆ ಮೀನು; ನಮ್ಮದು ಅದರ ಹಿಂದೆ ನಡೆಯತಕ್ಕದ್ದು.

1930ರ ದಶಕದಲ್ಲಿ ಚೀನಾ, ಜಪಾನ್ ದೇಶಗಳ ಅಗ್ಗದ ರೇಷ್ಮೆಯು ಬಂದು ಮೈಸೂರಿನ ರೇಷ್ಮೆಗೆ ಬೆಲೆಯಿಲ್ಲದಂತಾದಾಗ, 1934ರಲ್ಲಿ ರಕ್ಷಣಾ ಸುಂಕವನ್ನು ವಿಧಿಸಲಾಯಿತು. ಒಂದೇ ದೇಶದೊಳಗಿನ ಮೀನಿಗೆ ಅಂಥಾ ಗೋಡೆಯನ್ನು ಕಟ್ಟುವಂತಿಲ್ಲ. ಕಟ್ಟಬೇಕೆಂದು ಕೇಳುವುದೂ ತರವಲ್ಲ. ಆಂಧ್ರದವರು ಯಾವ ಗುಣಗಳಿಂದ ಗೆದ್ದಿರುವರೋ ಆ ಗುಣಗಳನ್ನು ನಾವು ಎಷ್ಟರಮಟ್ಟಿಗೆ ಪಡೆಯಬಹುದು ಎಂಬುದನ್ನು ನೋಡಬೇಕು.

2. ಬೆಲೆಯು ಎಲ್ಲಿ ಸೋರಿಹೋಗುತ್ತದೆ

ಲೆಕ್ಕದ ಸೌಕರ್ಯಕ್ಕಾಗಿ ಒಂದು ಕೆರೆಯಲ್ಲಿ 10,000 ಕಿಲೋಗ್ರಾಂ ಮೀನು ಸಿಕ್ಕಿತೆಂದೂ, ಪೇಟೆಯಲ್ಲಿ ಸಗಟು ಬೆಲೆಯು ಕಿಲೋಗ್ರಾಮಿಗೆ 100 ರೂಪಾಯಿ ಎಂದೂ ಇಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ತಮ್ಮ ತಮ್ಮ ಸಂಘದ ಅಂಕಿಗಳನ್ನು ಹಾಕಿಕೊಂಡು ತಾವೇ ಲೆಕ್ಕಮಾಡಿ ನೋಡಬಹುದು.

ಮೊದಲನೆಯ ಸೋರಿಕೆಯು ಕಾಲದ್ದು. ಬೇಸಿಗೆಯಲ್ಲಿ ನೀರು ಇಳಿದೊಡನೆ ಸುತ್ತಣ ಕೆರೆಗಳವರೆಲ್ಲರೂ ಒಟ್ಟಿಗೆ ಬಲೆಯಿಳಿಸುತ್ತಾರೆ. ಒಂದೇ ವಾರದಲ್ಲಿ ಬಂದ ಮೀನನ್ನು ಕೊಳ್ಳುವವರು ಕೆಲವರೇ ಆದ್ದರಿಂದ ಕಿಲೋಗ್ರಾಮಿಗೆ 10 ರೂಪಾಯಿ ಇಳಿಯಿತೆನ್ನೋಣ. ಇದರಿಂದ ಹೋದದ್ದು 1,00,000 ರೂಪಾಯಿ.

ಎರಡನೆಯದು ತೂಕದ್ದು. "ನೀರಿನ ತೂಕ", "ಒಡೆದ ಮೀನು" ಎಂದು ಹೇಳಿ ನೂರು ಕಿಲೋಗ್ರಾಮಿಗೆ ಐದು ಕಿಲೋಗ್ರಾಂ ಹೆಚ್ಚಾಗಿ ತೆಗೆದುಕೊಂಡರೆ 500 ಕಿಲೋಗ್ರಾಂ ಹೋಯಿತು. ಇಳಿದ ಬೆಲೆಯಾದ 90 ರೂಪಾಯಿಯಂತೆ ಇದು 45,000 ರೂಪಾಯಿ.

ಮೂರನೆಯದು ಮುಂಗಡದ್ದು. ಗುತ್ತಿಗೆಗೂ ಮರಿಗೂ ವ್ಯಾಪಾರಿಯಿಂದ 2,00,000 ರೂಪಾಯಿ ತಂದು, ತಿಂಗಳಿಗೆ ನೂರಕ್ಕೆ ಎರಡರಂತೆ ಆರು ತಿಂಗಳು ಬಡ್ಡಿ ಕೊಟ್ಟರೆ 24,000 ರೂಪಾಯಿ. ಇದೇ ಹಣವು ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲಕ, ಸಕಾಲಕ್ಕೆ ತೀರಿಸುವವರಿಗೆ ಇಟ್ಟಿರುವ ವರ್ಷಕ್ಕೆ ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ ಸಿಕ್ಕಿದ್ದರೆ 4,000 ರೂಪಾಯಿ ಆಗುತ್ತಿತ್ತು. ವ್ಯತ್ಯಾಸವು 20,000 ರೂಪಾಯಿ.

ಮೂರೂ ಸೇರಿ 1,65,000 ರೂಪಾಯಿ. ಎಂದರೆ ಕಿಲೋಗ್ರಾಮಿಗೆ ಹದಿನಾರೂವರೆ ರೂಪಾಯಿ. ಸರ್ಕಾರದವರು ಕಿಲೋಗ್ರಾಮಿಗೆ 5 ರೂಪಾಯಿ ಪ್ರೋತ್ಸಾಹ ಧನವನ್ನು ಕೊಟ್ಟರೂ ಬರುವುದು 50,000 ರೂಪಾಯಿ ಮಾತ್ರ. ಸೋರುವ ಮಡಕೆಗೆ ಎಷ್ಟು ನೀರು ಹೊಯ್ದರೂ ಅದು ತುಂಬುವುದಿಲ್ಲ.

ಈ ಮೂರರಲ್ಲಿ ಮುಂಗಡವೇ ಮೂಲವಾದ ರೋಗವೆಂದು ಹೇಳಬಹುದು. ಬಡ್ಡಿಯ ಮೊತ್ತವು ಚಿಕ್ಕದಾಗಿ ಕಂಡರೂ, ಮುಂಗಡ ಕೊಟ್ಟವನಿಗೇ ಮೀನನ್ನು ಮಾರಬೇಕೆಂಬ ಕಟ್ಟು ಅದರ ಸಂಗಡ ಬರುತ್ತದೆ. ಆಗ ಯಾವ ದಿನ ಬಲೆಯಿಳಿಸಬೇಕೆಂಬುದನ್ನೂ ಯಾರ ತಕ್ಕಡಿಯಲ್ಲಿ ತೂಗಬೇಕೆಂಬುದನ್ನೂ ಅವನೇ ಗೊತ್ತುಮಾಡುತ್ತಾನೆ.

3. ಈಗಿನ ಸಹಾಯಗಳು

ಸರ್ಕಾರದ ಸಹಾಯವು ಇಲ್ಲವೆಂದು ಹೇಳಲಾಗದು. ಮೊದಲು ಕೃಷಿ ಇಲಾಖೆಯ ಒಂದು ಅಂಗವಾಗಿದ್ದ ಮೀನುಗಾರಿಕೆಗೆ 1957ರಲ್ಲಿ ಪ್ರತ್ಯೇಕ ಇಲಾಖೆಯಾಯಿತು. ಅದೇ ವರ್ಷದ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿಯವರು ಗೆಂಡೆ ಜಾತಿಯ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸುವುದರಲ್ಲಿ ಜಯ ಪಡೆದರು. ಅದುವರೆಗೆ ನದಿಗಳಿಂದ ಹಿಡಿದು ತರಬೇಕಾಗಿದ್ದ ಮರಿಗಳು ಅನಂತರ ಮರಿ ಸಾಕುವ ಕೇಂದ್ರಗಳಲ್ಲಿಯೇ ದೊರೆಯುವಂತಾದವು. ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮವು 1970ರಲ್ಲಿ ಸ್ಥಾಪಿತವಾಯಿತು. ಹೆಸರಘಟ್ಟದಲ್ಲಿ ಸಿಹಿನೀರು ಜಲಕೃಷಿಯ ಕೇಂದ್ರ ಸಂಸ್ಥೆಯ ಪ್ರಾದೇಶಿಕ ಶಾಖೆಯೂ, ಹೆಬ್ಬಾಳದಲ್ಲಿ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇರುತ್ತವೆ. ಇವು ನಮ್ಮ ಬಾಗಿಲಲ್ಲೇ ಇರುವ ವಿದ್ಯಾಸ್ಥಾನಗಳು.

2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವನ್ನು ಮೀನುಗಾರರಿಗೂ ವಿಸ್ತರಿಸಲಾಯಿತು. 2020ರಲ್ಲಿ 20,050 ಕೋಟಿ ರೂಪಾಯಿಗಳ ಅಂದಾಜಿನೊಡನೆ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯು ಆರಂಭವಾಯಿತು. ಅದರಲ್ಲಿ ಘಟಕದ ವೆಚ್ಚದ ನೂರಕ್ಕೆ 40 ಪಾಲು ಸಾಮಾನ್ಯ ವರ್ಗದವರಿಗೂ, 60 ಪಾಲು ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಸಹಾಯಧನವಾಗಿ ಗೊತ್ತುಮಾಡಲ್ಪಟ್ಟಿತು. 2024ರಲ್ಲಿ ಅದರ ಉಪಯೋಜನೆಯೊಂದು 6,000 ಕೋಟಿ ರೂಪಾಯಿಗಳ ಅಂದಾಜಿನೊಡನೆ ಮಂಜೂರಾಗಿ, ಮೀನು ಸಾಕಣೆಯ ವಿಮೆಗೂ ಅದರಲ್ಲಿ ಸ್ಥಾನವಾಯಿತು.

ಇವುಗಳಲ್ಲಿ ಹೊಸ ಕೊಳ ತೋಡಿಸುವುದು, ತೊಟ್ಟಿಗಳಲ್ಲಿ ಮೀನು ಸಾಕುವುದು, ಮರಿ ಕೊಳ್ಳುವುದು ಮುಂತಾದ ಬಾಬುಗಳ ಕಡೆಗೆ ನಮ್ಮವರ ಅರ್ಜಿಗಳು ಓಡುತ್ತವೆ. ಮೀನು ಕಡಮೆಯಿರುವಲ್ಲಿ ಇದು ಸರಿಯಾದದ್ದೇ. ಆದರೆ ಬೆಲೆಯು ಕುಸಿದಿರುವಲ್ಲಿ ಎಲ್ಲರೂ ಹೆಚ್ಚು ಮೀನನ್ನು ಬೆಳೆದು ಅದೇ ವಾರ ಅದೇ ವ್ಯಾಪಾರಿಗೆ ಕೊಂಡೊಯ್ದರೆ ಬೆಲೆಯು ಇನ್ನೂ ಇಳಿಯುವುದೇ ಹೊರತು ಬೇರೆಯಾಗದು. ಅದೇ ಯೋಜನೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯುಳ್ಳ ಮೋಟಾರು ಸೈಕಲ್ಲು, ಮೂರು ಚಕ್ರದ ವಾಹನ, ಮಂಜುಗಡ್ಡೆಯ ಕಾರ್ಖಾನೆ, ಶೀತಗೃಹ, ಚಿಲ್ಲರೆ ಮಾರಾಟದ ಮಳಿಗೆ ಇವುಗಳಿಗೂ ಸಹಾಯವು ಇಡಲ್ಪಟ್ಟಿತ್ತು. ಬೆಲೆಯ ಕಷ್ಟದಲ್ಲಿರುವವರು ಕೇಳತಕ್ಕದ್ದು ಈ ಬಾಬುಗಳನ್ನು.

ಭತ್ತ, ರಾಗಿ ಮುಂತಾದ ಧಾನ್ಯಗಳಿಗೆ ಇರುವಂತೆ ಮೀನಿಗೂ ಬೆಂಬಲ ಬೆಲೆಯನ್ನು ಸಾರಬಾರದೇಕೆಂದು ಕೆಲವರು ಕೇಳುತ್ತಾರೆ. ಧಾನ್ಯವನ್ನು ಕೊಂಡು ಉಗ್ರಾಣದಲ್ಲಿ ವರ್ಷಗಟ್ಟಲೆ ಇಡಬಹುದು. ಮೀನು ಬಿಸಿಲಿನಲ್ಲಿ ಕೆಲವು ಗಂಟೆಗಳಲ್ಲೇ ಕೆಡುವ ಪದಾರ್ಥ. ಕೊಂಡದ್ದನ್ನು ಇಡುವ ಶೀತಗೃಹಗಳಿಲ್ಲದೆ ಬೆಂಬಲ ಬೆಲೆಯನ್ನು ಸಾರಿದರೆ ಅದು ಕಾಗದದ ಮೇಲೆ ಉಳಿಯುತ್ತದೆ.

4. ಬೇರೆಯವರು ಮಾಡಿರುವುದು

ದೂರ ಹೋಗಬೇಕಾದ್ದಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ತಮ್ಮಲ್ಲಿ ಅನೇಕರು ನೋಡಿದ್ದೀರಿ. ಗೂಡೂ ಮೀನಿನಂತೆಯೇ ಬಹುದಿನ ಇಡಲಾಗದ ಸರಕು. ಚಿಟ್ಟೆಯು ತೂತುಮಾಡಿ ಹೊರಬರುವುದರೊಳಗಾಗಿ ಮಾರಲೇಬೇಕು. ಹಿಂದೆ ಗೂಡಿನ ವ್ಯಾಪಾರವು ರೈತನ ಮನೆಯ ಬಾಗಿಲಲ್ಲಿ, ದಲ್ಲಾಳಿಯ ಮಾತಿನ ಮೇಲೆ ನಡೆಯುತ್ತಿತ್ತು. 1959ರ ಶಾಸನದ ಮೇಲೆ ಗೊತ್ತಾದ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜು ನಡೆಯತಕ್ಕದ್ದೆಂದು ಏರ್ಪಾಡಾಯಿತು. ಸರ್ಕಾರದವರು ಅಲ್ಲಿ ಗೂಡಿಗೆ ಬೆಲೆಯನ್ನು ಕಟ್ಟುವುದಿಲ್ಲ. ಒಂದು ಚಾವಣಿ, ಒಂದು ಸರಿಯಾದ ತಕ್ಕಡಿ, ಎಲ್ಲರ ಕಣ್ಣೆದುರಿನ ಹರಾಜು, ರೈತನಿಗೆ ಹಣ ಸೇರುವ ವ್ಯವಸ್ಥೆ, ಇಷ್ಟನ್ನು ಕೊಟ್ಟಿರುತ್ತಾರೆ.

ಕೇರಳದ ಕಡಲತೀರದಲ್ಲಿ ಮರಿಯನಾಡು ಮೊದಲಾದ ಹಳ್ಳಿಗಳ ಮೀನುಗಾರರು ಸಂಘ ಕಟ್ಟಿಕೊಂಡು, ದಡದ ಮೇಲಿನ ಹರಾಜನ್ನು ದಲ್ಲಾಳಿಯ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡರು. ಸಂಘವೇ ಹರಾಜು ನಡೆಯಿಸಿ, ಸಂಘವೇ ಸಾಲ ಕೊಟ್ಟು, ದಿನದಿನದ ಮಾರಾಟದಿಂದ ಕಂತನ್ನು ಹಿಡಿದುಕೊಳ್ಳುವ ಪದ್ಧತಿ ಅವರದು. ಇಂಥಾ ಸಂಘಗಳ ಒಕ್ಕೂಟವು 1980ರಲ್ಲಿ ತಿರುವನಂತಪುರದಲ್ಲಿ ಸ್ಥಾಪಿತವಾಯಿತು. ಸಾಲವೂ ಮಾರಾಟವೂ ಒಂದೇ ಸಂಘದಲ್ಲಿ ಸೇರಿದರೆ ಮುಂಗಡದ ಕಟ್ಟು ಬಿಚ್ಚುತ್ತದೆಂಬುದಕ್ಕೆ ಇದು ದೃಷ್ಟಾಂತ.

ಯೂರೋಪಿನ ನಾರ್ವೆ ದೇಶದಲ್ಲಿ ಬೆಲೆಯು ಬಹಳವಾಗಿ ಕುಸಿದಿದ್ದ ಕಾಲದಲ್ಲಿ, 1938ರಲ್ಲಿ, ಹಸಿ ಮೀನಿನ ಮಾರಾಟಕ್ಕೆ ಒಂದು ಶಾಸನವಾಯಿತು. ಮೀನಿನ ಮೊದಲನೆಯ ಮಾರಾಟವು ಮೀನುಗಾರರದೇ ಆದ ಮಾರಾಟ ಸಂಘದ ಮೂಲಕ ಆಗತಕ್ಕದ್ದೆಂದೂ, ಕನಿಷ್ಠ ಬೆಲೆಯನ್ನು ಗೊತ್ತುಮಾಡಲು ಆ ಸಂಘಕ್ಕೆ ಅಧಿಕಾರವಿರುವುದೆಂದೂ ಅದರ ತಾತ್ಪರ್ಯ. ಆ ಪದ್ಧತಿಯು ಇಂದಿಗೂ ಅಲ್ಲಿ ನಡೆದುಬಂದಿರುತ್ತದೆ. ಅಲ್ಲಿಯ ಸರ್ಕಾರವು ತನ್ನ ಬಲವನ್ನು ಮೀನುಗಾರರ ಸಂಘದ ಹಿಂದೆ ನಿಲ್ಲಿಸಿತು.

5. ನೀರಿನ ಶುದ್ಧಿಯೂ ಬೆಲೆಯೂ

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಕಷ್ಟವಿದೆ. ನಗರದ ಕೊಳಚೆಯು ಬೆಳ್ಳಂದೂರಿನ ಕೆರೆಯನ್ನು ತುಂಬಿ, ಕೋಡಿ ಹರಿದು ವರ್ತೂರಿಗೆ ಸೇರಿ, ಅಲ್ಲಿಂದ ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ. 2015ರಲ್ಲಿಯೂ 2017ರಲ್ಲಿಯೂ ಬೆಳ್ಳಂದೂರಿನ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದನ್ನು ದೇಶವೆಲ್ಲಾ ನೋಡಿತು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಹಸ್ರಾರು ಮೀನುಗಳು ಸತ್ತು ತೇಲಿದವು. ಪೀಣ್ಯದ ಕಡೆಯ ಕಾರ್ಖಾನೆಗಳ ಕಲ್ಮಷವು ವೃಷಭಾವತಿಯನ್ನು ಸೇರಿ ಬೈರಮಂಗಲದ ಜಲಾಶಯದವರೆಗೂ ಹೋಗಿರುತ್ತದೆ. ಕೊಳಚೆಯು ಹೆಚ್ಚಾದ ನೀರಿನಲ್ಲಿ ಪ್ರಾಣವಾಯುವು ರಾತ್ರಿಯ ಹೊತ್ತು ಕುಗ್ಗಿ, ಬೆಳಗಿನ ಜಾವಕ್ಕೆ ತೀರ ಕಡಮೆಯಾಗುವುದರಿಂದ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ, ಅನಂತರ ಸಾಯುತ್ತವೆ. ಕಾರ್ಖಾನೆಯ ನೀರಿನ ಲೋಹಾಂಶಗಳಾದರೋ ಮೀನನ್ನು ಕೊಲ್ಲದೆ ಅದರ ಮೈಯಲ್ಲೇ ಉಳಿದು, ತಿನ್ನುವವರ ಮೈ ಸೇರಬಹುದು. ಅಂಥಾ ಕೆರೆಯ ಮೀನನ್ನು ಮಾರುವುದು ಧರ್ಮವೂ ಅಲ್ಲ, ಲಾಭವೂ ಅಲ್ಲ.

ಇದರ ಫಲವಾಗಿ ಒಳ್ಳೆಯ ನೀರಿನ ಮೀನಿಗೂ ಕೆಟ್ಟ ಹೆಸರು ಬಂದಿರುತ್ತದೆ. ಯಾವ ಕೆರೆಯದೆಂದು ತಿಳಿಯದ ಕೊಳ್ಳುವವನು ಎಲ್ಲ ಕೆರೆಗಳ ಮೀನನ್ನೂ ಸಂಶಯದಿಂದ ನೋಡಿ, ಮಂಜುಗಡ್ಡೆಯ ಮೀನಿಗೆ ಹೆಚ್ಚು ಬೆಲೆ ಕೊಡುತ್ತಾನೆ. ನಿಷೇಧಿಸಲ್ಪಟ್ಟಿರುವ ಆಫ್ರಿಕಾದ ಕ್ಯಾಟ್‌ಫಿಶ್ ಮೀನನ್ನು ಕೆಲವರು ಕದ್ದು, ಕಸಾಯಿಖಾನೆಯ ತ್ಯಾಜ್ಯವನ್ನು ಹಾಕಿ ಸಾಕುವುದರಿಂದಲೂ ಈ ಸಂಶಯವು ಬೆಳೆದಿದೆ. ಆದ್ದರಿಂದ ರಾಜಕಾಲುವೆಗೆ ಕೊಳಚೆಯು ಬೀಳದಂತೆ ತಡೆಯುವುದೂ, ಕೆರೆಕೆರೆಯ ನೀರನ್ನೂ ಮೀನನ್ನೂ ಕಾಲಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ಏರಿಯ ಮೇಲೆ ಬರೆದು ಹಾಕುವುದೂ ನಮ್ಮ ಸೀಮೆಯಲ್ಲಿ ಬೆಲೆಗೆ ಕೊಡುವ ಸಹಾಯವೇ ಆಗಿರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹಾಯಿಸಲಾಗುತ್ತಿದೆ. ಅಂಥಾ ಕೆರೆಗಳಲ್ಲಿ ಬೇಸಿಗೆಯಲ್ಲಿಯೂ ನೀರು ನಿಲ್ಲುವುದರಿಂದ ಪರೀಕ್ಷೆಯ ಅಗತ್ಯವು ಅಲ್ಲಿಯೂ ಅಷ್ಟೇ ಇರುತ್ತದೆ.

6. ಸಂಘಗಳು ಮಾಡತಕ್ಕ ಕೆಲಸಗಳು

ಸರ್ಕಾರದವರನ್ನು ಕೇಳುವುದರ ಜೊತೆಗೆ ನಾವು ಮಾಡಿಕೊಳ್ಳಬೇಕಾದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

(1) ಎಲ್ಲ ಮೀನನ್ನೂ ಒಂದೇ ಸಲ ಹಿಡಿಯಬಾರದು. ದೊಡ್ಡ ಕಣ್ಣಿನ ಬಲೆಯಿಂದ ಒಂದು ಕಿಲೋಗ್ರಾಮಿಗೆ ಮೇಲ್ಪಟ್ಟವನ್ನು ತೆಗೆದು, ಚಿಕ್ಕವನ್ನು ಬಿಡತಕ್ಕದ್ದು. ಬದುಕಿರುವ ಮೀನಿಗೆ ನೀರೇ ಶೀತಗೃಹ. ಅಲ್ಲಿ ಬಾಡಿಗೆಯಿಲ್ಲ, ತೂಕವೂ ಬೆಳೆಯುತ್ತದೆ. ನೀರು ಬೇಗ ಬತ್ತುವ ಕೆರೆಯವರು ಮರಿಗಳನ್ನು ಸ್ವಲ್ಪ ದೊಡ್ಡವಾಗಿಯೇ ತಂದು ಬಿಟ್ಟರೆ ನೀರು ಇಳಿಯುವ ಮುನ್ನವೇ ಹಿಡಿಯಲು ಆರಂಭಿಸಬಹುದು.

(2) ನೆರೆಯ ನಾಲ್ಕಾರು ಕೆರೆಗಳ ಸಂಘಗಳು ಮೊದಲೇ ಕಲೆತು ಯಾವ ವಾರ ಯಾರ ಬಲೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

(3) ತಕ್ಕಡಿಯು ಸಂಘದ್ದಾಗಿರಬೇಕು. ಅದಕ್ಕೆ ಕಾನೂನುಮಾಪನ ಇಲಾಖೆಯ ಮುದ್ರೆಯಿರಬೇಕು. ತೂಕವನ್ನು ಎಲ್ಲರೆದುರಿಗೆ ಕೂಗಿ ಹೇಳಿ ಪುಸ್ತಕದಲ್ಲಿ ಬರೆಯತಕ್ಕದ್ದು.

(4) ಬಲೆಯಿಂದ ತೆಗೆದ ಕೂಡಲೇ ಶುದ್ಧವಾದ ನೀರಿನಲ್ಲಿ ತೊಳೆದು, ಬೇಸಿಗೆಯಲ್ಲಿ ಮೀನಿನ ತೂಕದಷ್ಟೇ ಪುಡಿ ಮಂಜುಗಡ್ಡೆಯನ್ನು ಪದರ ಪದರವಾಗಿ ಹಾಕಿ ಮುಚ್ಚಿಡಬೇಕು. ಹೀಗೆ ಇಟ್ಟ ಗೆಂಡೆ ಜಾತಿಯ ಮೀನು ಒಂದು ವಾರಕ್ಕೂ ಮೀರಿ ಕೆಡದೆ ಇರುತ್ತದೆ. "ಈಗಲೇ ಮಾರದಿದ್ದರೆ ಕೊಳೆಯುತ್ತದೆ" ಎಂಬ ಭಯವಿಲ್ಲದವನು ಬೆಲೆಯನ್ನು ಕೇಳಬಲ್ಲನು.

(5) ಸದಸ್ಯರೆಲ್ಲರೂ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಬೇಕು. ಮರಿ ಬಿಡುವ ಕಾಲಕ್ಕೆ ಹಣವು ಕೈ ಸೇರುವಂತೆ ಮುಂಚಿತವಾಗಿಯೇ ಬ್ಯಾಂಕಿಗೆ ಹೋಗತಕ್ಕದ್ದು. ಸಕಾಲಕ್ಕೆ ತೀರಿಸಿದರೆ ಮಾತ್ರ ಕಡಮೆ ಬಡ್ಡಿಯೆಂಬುದನ್ನು ಮರೆಯಬಾರದು.

(6) ಪರೀಕ್ಷೆಯಲ್ಲಿ ಒಳ್ಳೆಯದೆಂದು ಕಂಡ ಕೆರೆಯವರು ಭಾನುವಾರ ಬೆಳಿಗ್ಗೆ ಏರಿಯ ಮೇಲೆ, ಅಥವಾ ಅನುಮತಿ ಪಡೆದು ವಸತಿಗಳ ಬಾಗಿಲಲ್ಲಿ, ಕೆರೆಯ ಹೆಸರನ್ನೂ ಹಿಡಿದ ವೇಳೆಯನ್ನೂ ಹಲಗೆಯ ಮೇಲೆ ಬರೆದು ಮಾರಬೇಕು. ಮೀನನ್ನು ಶುಚಿಮಾಡಿ ತುಂಡರಿಸಿ ಕೊಡುವ ಕೆಲಸದಲ್ಲಿ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಪಾಲು ಕೊಟ್ಟರೆ ಆ ಕೂಲಿಯೂ ಗ್ರಾಮದಲ್ಲೇ ಉಳಿಯುತ್ತದೆ.

ಈ ವರ್ಷ ಯಾವ ಬಾಬಿಗೆ ಸಹಾಯಧನವಿದೆ, ಅರ್ಜಿಯ ಕೊನೆಯ ದಿನ ಯಾವುದು ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು.

7. ಸರ್ಕಾರವನ್ನು ಕೇಳತಕ್ಕದ್ದು

ಇಷ್ಟನ್ನು ನಾವು ಮಾಡಿದ ಮೇಲೆ ಸರ್ಕಾರದ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುವ ಹಕ್ಕು ನಮಗಿರುತ್ತದೆ. ನಗರದ ಪೂರ್ವ, ದಕ್ಷಿಣ, ವಾಯವ್ಯ ದಿಕ್ಕುಗಳಲ್ಲಿ ಒಂದೊಂದು ಕಡೆ ಚಾವಣಿ, ತಕ್ಕಡಿ, ಮಂಜುಗಡ್ಡೆಗಳುಳ್ಳ ಬಹಿರಂಗ ಹರಾಜುಕಟ್ಟೆ. ಸಂಘಗಳಿಗೆ ಸಕಾಲದ ಸಾಲ. ಕೆರೆಗಳ ನೀರಿನ ಮತ್ತು ಮೀನಿನ ಕ್ರಮವಾದ ಪರೀಕ್ಷೆ. ಕಲ್ಮಷ ಬಿಟ್ಟು ಮೀನನ್ನು ಕೊಂದವರಿಂದ ಸಂಘಕ್ಕೆ ನಷ್ಟಪರಿಹಾರ. ನಾಲ್ಕೂ ಒಂದೇ ವರ್ಷದಲ್ಲಿ ದೊರೆಯದಿರಬಹುದು. ಮೊದಲು ಹರಾಜುಕಟ್ಟೆಯನ್ನು ಕೇಳಿರೆಂದು ನನ್ನ ಸಲಹೆ. ಎಲ್ಲರೆದುರಿನ ಹರಾಜಿನಲ್ಲಿ ಬೆಲೆಯು ಎಲ್ಲರಿಗೂ ತಿಳಿಯುತ್ತದೆ. ಬೆಲೆಯು ತಿಳಿದ ಮೇಲೆ ಉಳಿದ ಮೂರನ್ನು ಕೇಳುವ ಧೈರ್ಯವೂ ಲೆಕ್ಕವೂ ತಾವಾಗಿ ಬರುತ್ತವೆ.

ಮುಂದಿನ ಬೇಸಿಗೆಗೆ ಇನ್ನೂ ಕಾಲವಿದೆ. ಈ ಸಭೆಯಿಂದ ಹೋಗುವ ಮುನ್ನ ನೆರೆಹೊರೆಯ ಸಂಘಗಳ ಕಾರ್ಯದರ್ಶಿಗಳು ಒಂದೆಡೆ ಕುಳಿತು, ಬಲೆಯಿಳಿಸುವ ವಾರಗಳ ಪಟ್ಟಿಯನ್ನಾದರೂ ಬರೆದುಕೊಂಡು ಹೋಗಬೇಕೆಂದು ಕೋರುತ್ತೇನೆ.